ಮಗ್ಗದ ಪಕ್ಕದ ಜೋಲಿ

ತುವಾಕ್ ಹುಟ್ಟುವಾಗ ತಲೆಗೆ ಪೊರೆ ಹೊದ್ದುಕೊಂಡೇ ಬಂದಳಂತೆ. ಹಾಗೆ ಬಂದ ಹೆಣ್ಣುಮಗುವಿಗೆ ಯೆದಿಗುಯಿ ಎಂಬ ಆ ಮರಳುನಾಡಿನ ಊರಿನಲ್ಲಿ ಇದೇ ಹೆಸರು ಇಡುವುದು, ಅಂಥವಳು ಅದೃಷ್ಟವಂತೆ ಎಂದು ನಂಬಿಕೆ. ಎಷ್ಟು ಅದೃಷ್ಟ ಬಂತು ಎಂದು ನೋಡಿಕೊಳ್ಳಲು ಅವಳಿಗೆ ಪುರುಸೊತ್ತು ಸಿಗಲಿಲ್ಲ. ಹಾಲುಹಲ್ಲು ಬೀಳುವ ಮೊದಲೇ ಅಮ್ಮನ ಪಕ್ಕ ಕೂತು ರತ್ನಗಂಬಳಿಯ ಗಂಟು ಹಾಕಲು ಕಲಿತಳು. ಮದುವೆಯಾಗಿ ಅನ್ನಾಬೆರ್ದಿಯ ಮನೆಗೆ ಬಂದ ಮೇಲೆ ಅತ್ತೆಯ ಮಗ್ಗದ ಎಡಗಡೆ ಕೂತಳು. ಅತ್ತೆ ತೀರಿಕೊಂಡ ಮೇಲೆ ಬಲಗಡೆಗೆ ಜರುಗಿದಳು. ಈಗ ಎಡಗಡೆ ಅವಳ ಸೊಸೆ ಶೆಕೆರ್ ಕೂರುತ್ತಾಳೆ. ತುವಾಕ್ ಬದುಕಿನಲ್ಲಿ ನಡೆದ ದೂರ ಎಂದರೆ ಆ ಒಂದೆರಡು ಮೊಳ.

ಅವರ ಮಗ್ಗ ನೆಲದ ಮೇಲೆ ಮಲಗಿರುವ ಮಗ್ಗ. ಆ ತುದಿಗೊಂದು ಈ ತುದಿಗೊಂದು ದಪ್ಪ ಮರ, ನಡುವೆ ಬಿಗಿದು ಎಳೆದ ಹಾಸುನೂಲು. ಇಬ್ಬರು ಪಕ್ಕಪಕ್ಕ ಕೂತು ಒಂದೇ ಸಾಲನ್ನು ಅರ್ಧರ್ಧ ಕಟ್ಟಿಕೊಂಡು ಬರಬೇಕು. ಸಾಲು ಮುಗಿದ ಮೇಲೆ ಹೊಕ್ಕುನೂಲು ಹಾಯಿಸಿ ಕಬ್ಬಿಣದ ಬಾಚಣಿಗೆಯಿಂದ ಇಬ್ಬರೂ ಒಟ್ಟಿಗೆ ಬಡಿಯಬೇಕು. ಒಬ್ಬಳು ಎದ್ದರೆ ಇನ್ನೊಬ್ಬಳು ಕೈಕಟ್ಟಿ ಕೂರಬೇಕಾಗುತ್ತದೆ. ಎದ್ದವಳ ಪಾಲನ್ನೂ ಕೂತವಳೇ ಕಟ್ಟಿದರಾಗದೇ ಎಂದರೆ ಆಗದು, ಒಬ್ಬೊಬ್ಬರ ಕೈಬಿಗಿ ಒಂದೊಂದು ತರ. ಕೈ ಬದಲಾದ ಜಾಗದಲ್ಲಿ ರತ್ನಗಂಬಳಿ ಸೊಟ್ಟಗಾಗುತ್ತದೆ; ಮಗ್ಗದಿಂದ ಇಳಿಸಿ ಹಾಸಿದ ದಿನ ಅದರ ಮೂಲೆ ಎದ್ದು ನಿಲ್ಲುತ್ತದೆ. ವ್ಯಾಪಾರಿ ಬಂದವನು ಮೊದಲು ನೋಡುವುದೇ ಆ ಮೂಲೆಯನ್ನು. ಮನೆಗೆ ಬರುವ ಹಿಟ್ಟು, ಎಣ್ಣೆ, ಚಹಾಸೊಪ್ಪು ಎಲ್ಲವೂ ಆ ಮಗ್ಗದಿಂದಲೇ ಇಳಿದು ಬರಬೇಕು.

ಹಾಗಿರುವಾಗ ಅಳುವ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಏನು ಮಾಡುವುದು? ಯೆದಿಗುಯಿಯ ಹೆಂಗಸರು ಮಗ್ಗದ ಪಕ್ಕ ತೊಲೆಗೆ ಜೋಲಿ ಕಟ್ಟುತ್ತಾರೆ, ಅದರ ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಕೈ ಗಂಟು ಹಾಕುತ್ತಿದ್ದರೆ ಕಾಲು ಜೋಲಿ ತೂಗುತ್ತದೆ. ತೂಗಿದರೂ ಅಳು ನಿಲ್ಲದಿದ್ದರೆ ಚಹಾನೀರಿನಲ್ಲಿ ಅಫೀಮು ಕರಗಿಸಿ ನೆಕ್ಕಿಸುತ್ತಾರೆ. ಅದನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಕರೀದು’ ಎನ್ನುತ್ತಾರೆ. “ಕರೀದು ಕೊಟ್ಯಾ?” “ಹೂಂ, ಕೊಟ್ಟೆ.” ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದ ಹಾಗೆ.

ತುವಾಕ್ ಕೂಡ ತನ್ನ ಮಕ್ಕಳಿಗೆ ಕೊಟ್ಟಿದ್ದಳು. ದೊಡ್ಡವನು ಚಾರಿ ಬದುಕಿಕೊಂಡ. ಎರಡನೆಯವನು ಅಮಾನ್, ಆಗ ತಾನೇ ಬೋರಲು ಬೀಳಲು ಕಲಿತಿದ್ದ ಕೂಸು. ಚಳಿಗಾಲದ ಒಂದು ಹಗಲು ಎಷ್ಟು ಚೆನ್ನಾಗಿ ಮಲಗಿದ್ದನೆಂದರೆ ಅವಳೂ ಅತ್ತೆಯೂ ಏಳದೆ ಅಂಚಿನ ಬಳ್ಳಿಯನ್ನು ಮೂಲೆಯವರೆಗೂ ಕಟ್ಟಿ ಮುಗಿಸಿದರು. “ಇವತ್ತು ಕೆಲಸ ಅಂದ್ರೆ ಕೆಲಸ” ಎಂದು ಅತ್ತೆ ಬಾಯಿತುಂಬ ಹೊಗಳಿದಳು. ಹಾಲು ಕಟ್ಟಿ ಎದೆ ನೋಯತೊಡಗಿದ ಮೇಲೆ ತುವಾಕ್ ಎದ್ದು ಜೋಲಿಗೆ ಕೈ ಹಾಕಿದಳು. ಮಗು ತಣ್ಣಗಿತ್ತು. ಅಷ್ಟು ಹೊತ್ತೂ ಅವಳ ಕಾಲು ಹಗ್ಗ ಎಳೆಯುತ್ತಲೇ ಇತ್ತು.

ಮಣ್ಣು ಮಾಡಿ ಬಂದವರು ಅಲ್ಲಾಹ್ ಕರೆಸಿಕೊಂಡ ಎಂದರು. ಯಾರೂ ಅವಳನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನೇಕ ಸಲ ಅನ್ನಿಸಿದ್ದುಂಟು.

ಅದಕ್ಕೇ, ಚಾರಿಯ ಹೆಂಡತಿ ಶೆಕೆರ್ ಬಸಿರಾದಾಗ ತುವಾಕ್ ಗಂಡನ ಎದುರು ಕೂತು ಹೇಳಿದಳು, “ನೋಡಿ, ಈ ಮನೇಲಿ ಹುಟ್ಟೋ ಕೂಸಿನ ಬಾಯಿಗೆ ಕರೀದು ಹೋಗಕೂಡದು. ನಾನಿದ್ದೀನಲ್ಲ, ನಾನು ನೋಡ್ಕೋತೀನಿ.”

ಅನ್ನಾಬೆರ್ದಿ ಬೆನ್ನುನೋವಿಗೆಂದು ತಾನು ದಿನಾ ನುಂಗುವ ಕರೀದರ ಗುಳಿಗೆಯನ್ನು ಹಸಿರು ಚಹಾದ ಜತೆ ಆಗಷ್ಟೇ ನುಂಗಿದ್ದ. ಡಬ್ಬಿಯ ಮುಚ್ಚಳ ಹಾಕುತ್ತಾ ಕೇಳಿದ, “ಅತ್ತರೆ ಮತ್ತೇನು ಕೊಡ್ತೀಯ?”

“ಹಾಡ್ತೀನಿ.”

“ನೀನಾ? ನಿನ್ ಹಾಡು ಕೇಳಿದ್ರೆ ಕುರಿ ಹಾಲು ಸೊರ ಬಿಡಲ್ಲ ಕಣೇ.”

“ಕೂಸು ಕುರಿ ಅಲ್ವಲ್ಲ” ಎಂದಳು ತುವಾಕ್. ಮುದುಕ ನಕ್ಕು ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟ. ಆ ಡಬ್ಬಿಯನ್ನು ಅವನೂ ತುವಾಕ್ಕೂ ಬಿಟ್ಟರೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಸೊಸೆಯಂತೂ ಆ ಗೂಡಿನ ಕಡೆ ಕಣ್ಣೆತ್ತಿಯೂ ನೋಡುವಂತಿರಲಿಲ್ಲ.

ವಸಂತದಲ್ಲಿ, ಮರಳುದಿಣ್ಣೆಗಳ ಮೇಲೆ ಕೆಂಪು ಹೂವು ಬಿಟ್ಟು ಬಾಡುವಷ್ಟರಲ್ಲಿ, ಹೆಣ್ಣುಮಗು ಹುಟ್ಟಿತು. ಮಾರಲ್ ಎಂದು ಹೆಸರಿಟ್ಟರು.

ಆ ಮಗುವಿಗೆ ಜೋಗುಳ ಹಾಡುವ ಕೆಲಸ ಅಜ್ಜಿಯ ಪಾಲಿಗೇ ಬರಬೇಕಿತ್ತು. ಶೆಕೆರಳ ದನಿ ದಪ್ಪವೋ ಸಣ್ಣವೋ ತುವಾಕ್‌ಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಸೊಸೆ ತಲೆವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇರಬೇಕು, ಅತ್ತೆಮಾವಂದಿರ ಎದುರು ಬಾಯಿ ಬಿಡಕೂಡದು. ಅತ್ತೆಯಾದವಳು ಒಂದು ದಿನ ಹೊಸ ವಸ್ತ್ರ ಹೊದಿಸಿ “ಮಾತಾಡು ಮಗಳೇ” ಎನ್ನುವವರೆಗೆ ಕೈಸನ್ನೆ, ತಲೆಯಾಡಿಸುವುದು, ಅಷ್ಟೇ. ಕೆಲವರು ಮೊದಲ ಮಗು ಹುಟ್ಟಿದ ಕೂಡಲೇ ಬಾಯಿ ಬಿಡಿಸುತ್ತಾರೆ, ಕೆಲವರು ವರ್ಷಗಟ್ಟಲೆ ಬಿಡಿಸುವುದಿಲ್ಲ. ತುವಾಕ್ ದಾಳಿಂಬೆ ಬಣ್ಣದ ವಸ್ತ್ರವೊಂದನ್ನು ಆಗಲೇ ತರಿಸಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು. ಮಗ್ಗದ ಮೇಲಿದ್ದ ಆನೆಹೆಜ್ಜೆ ಚಿತ್ತಾರದ ರತ್ನಗಂಬಳಿ ಇಳಿದ ದಿನ ಕೊಡೋಣ, ಎರಡು ಸಂತೋಷ ಒಟ್ಟಿಗೇ ಆಗಲಿ ಎಂದು ಅವಳ ಎಣಿಕೆ. ಕೆಟ್ಟ ಮನಸ್ಸಿನಿಂದ ತಡಮಾಡಿದ್ದಲ್ಲ.

ಹಾಗಾಗಿ ತುವಾಕ್ ಹಾಡಿದಳು. ಕಾಲಿನಲ್ಲಿ ಹಗ್ಗ ಎಳೆಯುತ್ತ, ಕೈಯಲ್ಲಿ ಗಂಟು ಹಾಕುತ್ತ, ಬಾಯಿಗೆ ಬಂದದ್ದನ್ನು ಹಾಡಿದಳು.

ಹೂವ್ವಾ ಹೂವ್ವಾ ನನ್ನ ಮರಿ,
ಒಂಟೆ ಬಂತು ಬಾವಿಗೆ,
ನೀರು ಕುಡಿದು ಹೋಗಲಿ,
ನಿದ್ದೆ ಕೊಟ್ಟು ಹೋಗಲಿ.

ಮಗು ಮಲಗುತ್ತಿತ್ತು. ಅಂಥ ಮಗುವನ್ನು ಯೆದಿಗುಯಿ ಕಂಡಿರಲಿಲ್ಲ. ಹಾಲು ಕುಡಿಯುವುದು, ಎರಡು ಸಲ ಕಣ್ಣು ಪಿಳಿಪಿಳಿ ಮಾಡುವುದು, ಮಲಗುವುದು. ಬೇಸಿಗೆಯ ನೊಣಕ್ಕೂ ಅಳಲಿಲ್ಲ. ಬೇಲಿಯಾಚೆಯ ಓಗುಲ್‌ಬೆಕ್, ಊರಿನಲ್ಲೇ ಉದ್ದ ನಾಲಿಗೆಯವಳು, ತಂದೂರಿನ ಹತ್ತಿರ ರೊಟ್ಟಿ ತಟ್ಟುತ್ತ ಕೆಣಕಿದಳು.

“ಏನೇ ತುವಾಕ್, ನಿನ್ ಮೊಮ್ಮಗಳಿಗೆ ಗಂಟಲೇ ಇಲ್ವಾ? ಇಷ್ಟು ಹತ್ರ ಇದ್ದೀನಿ, ಒಂದಿನಾನೂ ಅತ್ತಿದ್ದು ಕೇಳಿಲ್ಲ.”

“ಗಂಟಲಿದೆ. ಅಳೋಕೆ ನಾನು ಬಿಟ್ರೆ ತಾನೆ?”

“ಕರೀದು ಕೊಡಲ್ಲ ಅಂತೀಯ. ನಮ್ಮನ್ನೇನು ಪೆದ್ದಿಗಳು ಅನ್ಕೊಂಡ್ಯಾ?”

“ನಾಲಿಗೆಗೆ ಸೋಕಿಸಿಲ್ಲ. ಬೇಕಾದ್ರೆ ಈ ರೊಟ್ಟಿ ಮೇಲೆ ಆಣೆ ಮಾಡ್ತೀನಿ” ಎಂದು ತುವಾಕ್ ತಂದೂರಿನಿಂದ ಆಗಷ್ಟೇ ತೆಗೆದ ಬಿಸಿ ರೊಟ್ಟಿಯ ಮೇಲೆ ಅಂಗೈ ಇಟ್ಟೇಬಿಟ್ಟಳು. ರೊಟ್ಟಿಯ ಮೇಲಿನ ಆಣೆ ಎಂದರೆ ಅಲ್ಲಿ ಆಟದ ಮಾತಲ್ಲ. ಓಗುಲ್‌ಬೆಕ್ ಮರುದಿನ ತನ್ನ ಮೊಮ್ಮಗನನ್ನು ಎತ್ತಿಕೊಂಡು ಬಂದು, “ಹಾಡಮ್ಮ, ಇವನಿಗೂ ಒಂದು ಹಾಡು” ಎಂದಳು. ತುವಾಕ್ ಹಾಡಿದಳು. ಅವನು ಕೆಂಡದ ಹಾಗೆ ಕೆಂಪಾಗಿ ಅತ್ತ. “ಇವನಿಗೆ ಆಗಲೇ ಅದರ ರುಚಿ ಹತ್ತಿಸಿಬಿಟ್ಟಿದ್ದೀಯ, ಅದಕ್ಕೇ ಹಾಡು ಹತ್ತಲ್ಲ” ಎಂದು ತುವಾಕ್ ಮಗುವನ್ನು ತಿರುಗಿ ಕೊಟ್ಟಳು. ಆ ಬೇಸಿಗೆ ಅವಳು ಸ್ವಲ್ಪ ತಲೆಯೆತ್ತಿಕೊಂಡೇ ನಡೆದಳು ಎನ್ನಬೇಕು.

ಶೆಕೆರಳ ತಾಯಿ ಕಾಲುವೆಯಾಚೆಯ ಊರಿನವಳು, ಅವಳೂ ಹುಟ್ಟಿದಂದಿನಿಂದ ನೇಯ್ದವಳೇ. ಆಗಾಗ ಕತ್ತೆಯ ಮೇಲೆ ಕೂತು ಬರುತ್ತಿದ್ದಳು, ಒಣಗಿಸಿದ ಹಿಪ್ಪುನೇರಳೆ ಹಣ್ಣೋ ಎರಡು ರೊಟ್ಟಿಯೋ ತರುತ್ತಿದ್ದಳು. ಆಗ ತುವಾಕ್ ಏನಾದರೂ ನೆಪ ಹೇಳಿ ಹೊರಗೆ ಹೋಗುತ್ತಿದ್ದಳು. ಪಾಪ, ಇಲ್ಲಿ ಹೇಗೂ ಬಾಯಿ ಕಟ್ಟಿದೆ, ತಾಯಿಯ ಹತ್ತಿರವಾದರೂ ಮಾತಾಡಿಕೊಳ್ಳಲಿ ಎಂದು.

ಎಲೆ ಉದುರುವ ಕಾಲದಲ್ಲಿ ಆ ತಾಯಿ ತೀರಿಕೊಂಡಳು. ಶೆಕೆರ್ ಮಗುವನ್ನು ಎತ್ತಿಕೊಂಡು ಹೋಗಿ, ಏಳನೆಯ ದಿನದ ಊಟ ಮುಗಿಸಿಕೊಂಡು ಬಂದಳು. ಬಂದ ಮಾರನೆಯ ದಿನದಿಂದ ಮಾರಲ್ ಅಳಲು ಶುರುಮಾಡಿತು.

ಅದು ಹಸಿವಿನ ಅಳುವಲ್ಲ, ನಿದ್ದೆಯ ಅಳುವಲ್ಲ. ಎದೆಗೆ ಬಾಯಿ ಹಾಕಿ ಎರಡು ಗುಟುಕು ಎಳೆದು, ಬಿಟ್ಟು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಿತ್ತು. ಕಾಲು ಒದರುತ್ತಿತ್ತು. ಮೂಗು ಸೋರುತ್ತಿತ್ತು, ಒಂದರ ಹಿಂದೊಂದು ಸೀನು, ನಡುನಡುವೆ ಅಷ್ಟು ಸಣ್ಣ ಬಾಯಿಗೆ ಎಷ್ಟೊಂದು ದೊಡ್ಡ ಆಕಳಿಕೆ. ತುವಾಕ್ ಹಾಡಿದಳು. ದನಿ ಬದಲಿಸಿ ಹಾಡಿದಳು. ಹಗ್ಗ ಬಿಚ್ಚಿ ಎದ್ದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆಯಿಂದ ಹಿಪ್ಪುನೇರಳೆ ಮರದವರೆಗೆ, ಮರದಿಂದ ಗೋಡೆಯವರೆಗೆ ನಡೆದಳು. ಎಡಗಡೆ ಶೆಕೆರ್ ತನ್ನ ಅರ್ಧ ಸಾಲು ಕಟ್ಟಿ, ಮೊಣಕಾಲು ತಬ್ಬಿಕೊಂಡು ಕಾಯುತ್ತಾ ಕೂತಿದ್ದಳು.

“ಸಾವಿನ ಮನೆಗೆ ಹೋಗಿಬಂದಿದೆ ಕೂಸು, ಅಲ್ಲಿನ ತಂಡಿ ತಗಲಿದೆ” ಎಂದಳು ಓಗುಲ್‌ಬೆಕ್. “ತಾಯಿ ಕಣ್ಣೀರು ಹಾಲಿಗೆ ಇಳಿದಿದೆ. ಆ ಹಾಲು ಹಿಂಡಿ ಚೆಲ್ಲಿಸು.”

ಊರೆಲ್ಲ ಅದನ್ನೇ ಹೇಳಿತು, ತುವಾಕ್ಕೂ ಅದನ್ನೇ ನಂಬಿದಳು. ಶೆಕೆರಳ ಹಾಲನ್ನು ಮರದ ಬುಡಕ್ಕೆ ಹಿಂಡಿಸಿದಳು. ದೃಷ್ಟಿ ತೆಗೆಯುವ ಹರ್ಮಲ ಬೀಜ ಕೆಂಡಕ್ಕೆ ಹಾಕಿ, ಆ ಹೊಗೆಯ ಮೇಲೆ ತಾಯಿಯನ್ನೂ ಮಗುವನ್ನೂ ದಾಟಿಸಿದಳು. ಮುಲ್ಲಾ ಊದಿಕೊಟ್ಟ ನೀರನ್ನು ತುಟಿಗೆ ಹಚ್ಚಿದಳು. ಕುರಿಬಾಲದ ಕೊಬ್ಬು ಬೆಚ್ಚಗೆ ಮಾಡಿ ಹೊಟ್ಟೆಗೆ ಸವರಿದಳು. ಒಂದೊಂದು ಮಾಡಿದಾಗಲೂ ಮಗು ಸುಸ್ತಾಗಿ ಕಣ್ಣು ಮುಚ್ಚುತ್ತಿತ್ತು, ಸದ್ಯ ಎಂದು ಅವಳು ಮಗ್ಗಕ್ಕೆ ಕೂತು ಗಂಟು ಹಿಡಿಯುವಷ್ಟರಲ್ಲಿ ಮತ್ತೆ ಕಿರುಚುತ್ತಿತ್ತು. ರತ್ನಗಂಬಳಿಯಲ್ಲಿ ಒಂದು ಆನೆಹೆಜ್ಜೆ ಅರ್ಧಕ್ಕೇ ನಿಂತಿತ್ತು. ಹಿಟ್ಟಿನ ಚೀಲ ಮಡಿಕೆಯಾಗುತ್ತ ಬಂದಿತ್ತು.

ಅನ್ನಾಬೆರ್ದಿ ತಡೆಯುವಷ್ಟು ತಡೆದು ಹೇಳಿದ, “ಡಬ್ಬಿ ಗೂಡಲ್ಲೇ ಇದೆ.”

“ಗೊತ್ತು.”

“ಗೊತ್ತಿದ್ರೆ ಸರಿ. ಕೂಸು ಅತ್ತು ಅತ್ತು ಸಾಯೋ ತನಕ ನೀನು ಒಂಟೆ ಹಾಡು ಹಾಡ್ತಿರು.”

“ಈ ಮನೇಲಿ ಒಂದು ಕೂಸು ಸುಮ್ನಿದ್ದೇ ಸತ್ತಿದೆ” ಎಂದಳು ತುವಾಕ್.

ಮುದುಕ ಚಹಾದ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ.

ಒಂದು ಬೆಳಿಗ್ಗೆ ತುವಾಕ್ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಮಗ್ಗದ ಬಲಗಡೆ ಕೂತಿದ್ದಳು. ಮಗು ಆಕಳಿಸಿತು. ಅದೇ ಹೊತ್ತಿಗೆ ಎಡಗಡೆ ಶೆಕೆರ್ ಕೂಡ, ಬಾಯಿಗೆ ವಸ್ತ್ರ ಅಡ್ಡ ಹಿಡಿದು ಆಕಳಿಸಿದಳು. ಮಗು ಸೀನಿತು. ಶೆಕೆರ್ ತೋಳಿನಿಂದ ಮೂಗು ಒರೆಸಿಕೊಂಡಳು. ತಾಯಿ ಸತ್ತ ದುಃಖ, ಅತ್ತು ಅತ್ತು ನೆಗಡಿಯಾಗಿದೆ ಎಂದು ಇಷ್ಟು ದಿನ ತುವಾಕ್ ಅಂದುಕೊಂಡಿದ್ದಳು. ಈಗ ನೋಡಿದರೆ ಅಳುವವಳ ಕಣ್ಣಲ್ಲ ಅದು. ಹಿಮ ಬಿದ್ದು ದಾರಿ ಮುಚ್ಚಿದ ವರ್ಷ ಅನ್ನಾಬೆರ್ದಿಯ ಡಬ್ಬಿ ಬರಿದಾಗಿತ್ತು. ಆಗ ಅವನು ಹೀಗೆಯೇ ಮೂಲೆಯಲ್ಲಿ ಮುದುಡಿ ಕೂತು, ಆಕಳಿಸುತ್ತ, ಮೂಗು ಒರೆಸಿಕೊಳ್ಳುತ್ತ, ನಡುಗುತ್ತ ಇದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಅವಳು ಮಗುವನ್ನು ಕೆಳಗೆ ಮಲಗಿಸಿ, ಪಕ್ಕಕ್ಕೆ ಸರಿದು, ಸೊಸೆಯ ತೋಳು ಸರಿಸಿ ನೋಡಿದಳು. ಪುಕ್ಕ ಕಿತ್ತ ಕೋಳಿಯ ಹಾಗೆ ಮೈಯೆಲ್ಲ ಮುಳ್ಳೆದ್ದಿತ್ತು.

“ನೀನು ಕರೀದು ತಗೋತಿದ್ಯಾ ಮಗಳೇ?”

ಶೆಕೆರ್ ತಲೆ ತಗ್ಗಿಸಿದಳು.

“ನಿಮ್ಮಮ್ಮ ತಂದುಕೊಡ್ತಿದ್ರಾ?”

ಹೌದೆಂದು ತಲೆಯಾಡಿಸಿದಳು.

“ಯಾವಾಗಿಂದ?”

ಶೆಕೆರ್ ಅಂಗೈಯನ್ನು ನೆಲದಿಂದ ಮೇಲಕ್ಕೆ ಎತ್ತಿ ಹಿಡಿದು ತೋರಿಸಿದಳು. ಮಗ್ಗದ ಪಕ್ಕ ಹೊಸದಾಗಿ ಕೂತ ಹುಡುಗಿ ಎಷ್ಟೆತ್ತರ ಇರುತ್ತಾಳೋ ಅಷ್ಟು.

ಹಾಗಾದರೆ ವಸಂತದಿಂದ ಮಾರಲ್ ಮಲಗಿದ್ದು ಹಾಡಿಗಲ್ಲ. ಹಾಲಿನಲ್ಲೇ ಅದು ಬರುತ್ತಿತ್ತು. ಹುಟ್ಟುವ ಮೊದಲು ಹೊಟ್ಟೆಯಲ್ಲೂ ಅದೇ. ತುವಾಕ್‌ಗೆ ಬಿಸಿ ರೊಟ್ಟಿಯ ಮೇಲೆ ಅಂಗೈ ಇಟ್ಟದ್ದು ನೆನಪಾಯಿತು. ತಾಯಿ ಮಗಳು ಮಾತಾಡಿಕೊಳ್ಳಲಿ ಎಂದು ತಾನು ಹೊರಗೆ ಹೋಗುತ್ತಿದ್ದದ್ದು ನೆನಪಾಯಿತು. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ವಸ್ತ್ರ ನೆನಪಾಯಿತು. ಅದನ್ನು ಬಸಿರಿನಲ್ಲೇ ಹೊದಿಸಿ ಬಾಯಿ ಬಿಡಿಸಿದ್ದರೆ ಇವಳು ಹೇಳುತ್ತಿದ್ದಳೋ ಏನೋ. ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ.

“ತಡ್ಕೋ” ಎಂದಳು. “ಇಬ್ರೂ ತಡ್ಕೊಳ್ಳಿ. ಇದು ಹೋಗುತ್ತಂತೆ. ಸ್ವಲ್ಪ ದಿನ ಹಿಡಿಯುತ್ತೆ, ಆಮೇಲೆ ಹೋಗುತ್ತಂತೆ.”

ಹೋಗುತ್ತದೆ ಎಂದು ಅವಳು ಕೇಳಿದ್ದಳು ಅಷ್ಟೇ. ಯೆದಿಗುಯಿಯಲ್ಲಿ ಹೋದದ್ದನ್ನು ಕಂಡವರಿರಲಿಲ್ಲ. ಪಟ್ಟಣದ ಆಸ್ಪತ್ರೆಗೆ ಹೋಗೋಣವೆಂದರೆ ಚಾರಿ ಕುರಿಮಂದೆಯ ಜತೆ ನದಿಯ ಜೊಂಡಿನ ಕಡೆ ಹೋಗಿದ್ದ, ಚಳಿ ಕಳೆಯುವವರೆಗೆ ಬರುವವನಲ್ಲ. ಜತೆಗೆ ಗಂಡಸಿಲ್ಲದೆ ಹೆಂಗಸರು ಲಾರಿ ಹತ್ತುವಂತಿಲ್ಲ. ಅನ್ನಾಬೆರ್ದಿಯ ಬೆನ್ನು ಕತ್ತೆಯ ಮೇಲೆ ಕೂರುವುದಕ್ಕೂ ಒಪ್ಪುತ್ತಿರಲಿಲ್ಲ.

ತುವಾಕ್ ಒಬ್ಬಳನ್ನು ಮಡಿಲಿಗೆ ಹಾಕಿಕೊಂಡು, ಇನ್ನೊಬ್ಬಳನ್ನು ಹೆಗಲಿಗೆ ಒರಗಿಸಿಕೊಂಡು ಕೂತಳು. ಇಬ್ಬರೂ ನಡುಗುತ್ತಿದ್ದರು. ಒಂದೇ ಹಾಡನ್ನು ಇಬ್ಬರಿಗೂ ಹಾಡಿದಳು. ಶೆಕೆರ್ ಕುಡಿದ ಸಾರನ್ನೆಲ್ಲ ಕಾರಿಕೊಂಡಳು. ಅವಳ ಹಾಲು ಕಡಿಮೆಯಾಯಿತು, ಆಮೇಲೆ ಬತ್ತುತ್ತ ಬಂತು. ಆಡಿನ ಹಾಲನ್ನು ಬಟ್ಟೆಯ ಬತ್ತಿಯಲ್ಲಿ ಅದ್ದಿ ಕೊಟ್ಟರೆ ಮಗು ಉಗುಳಿತು. ಅದರ ದನಿ ಮೊದಲು ಒಡೆಯಿತು, ಆಮೇಲೆ ಗೊಗ್ಗರಾಯಿತು, ಆಮೇಲೆ ಇಲ್ಲವಾಯಿತು. ಬಾಯಿ ಅಷ್ಟಗಲ ತೆರೆದು ಮುಖ ಕೆಂಪಾಗಿ ಅಳುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಬೇಲಿಯಾಚೆಯಿಂದ ಓಗುಲ್‌ಬೆಕ್ ಕೂಗಿದಳು, “ಅಂತೂ ಸುಮ್ನಾಯ್ತಲ್ಲೇ, ಪುಣ್ಯ!” ತುವಾಕ್‌ಗೆ ಸುಮ್ಮನಿರುವ ಮಗು ಎಂದರೆ ಏನೆಂದು ಗೊತ್ತಿತ್ತು. ಮಾರಲ್‌ನ ಹಣೆಯ ಮೇಲೆ ಅಂಗೈ ಇಟ್ಟಳು. ಹಣೆ ಬೆವರಿತ್ತು, ಬೆವರು ತಣ್ಣಗಿತ್ತು. ನೆತ್ತಿ ಗುಳಿ ಬಿದ್ದಿತ್ತು.

“ಎಜೆ.”

ಯಾರು ಅಮ್ಮ ಎಂದು ಕರೆದರು ಎಂದು ತುವಾಕ್ ಬಾಗಿಲ ಕಡೆ ನೋಡಿದಳು. ದನಿ ಎಡಗಡೆಯಿಂದ ಬಂದಿತ್ತು. ಶೆಕೆರ್ ವಸ್ತ್ರದ ತುದಿಯನ್ನು ಹಲ್ಲಿನಿಂದ ಬಿಟ್ಟಿದ್ದಳು. ತುವಾಕ್ ಅಂದುಕೊಂಡದ್ದಕ್ಕಿಂತ ದಪ್ಪ ದನಿ, ಹಾಡಿದ್ದರೆ ಚೆನ್ನಾಗಿರುತ್ತಿದ್ದ ದನಿ.

“ಎಜೆ, ಕೊಡಿ. ನನಗಲ್ಲ, ಕೂಸಿಗೆ.” ತೋಳಿನಿಂದ ಮೂಗು ಒರೆಸಿಕೊಂಡು, “ನನಗೂ ಕೊಡಿ” ಎಂದಳು.

ಒಲೆಯ ಹತ್ತಿರ ಕೂತಿದ್ದ ಅನ್ನಾಬೆರ್ದಿ, ಸೊಸೆಯ ತಲೆಯಿಂದ ವಸ್ತ್ರ ಜಾರಿದ್ದನ್ನು ಕಂಡವನ ಹಾಗೆ, ಮುಖ ತಿರುಗಿಸಿ ಮೇಲೆದ್ದ. ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದ. ಹೋಗುವಾಗ ಗೂಡಿನಲ್ಲಿದ್ದ ಡಬ್ಬಿಯನ್ನು ತೆಗೆದು ಮಗ್ಗದ ಮರದ ಮೇಲಿಟ್ಟು ಹೋದ.

ತುವಾಕ್ ಅದನ್ನು ನೋಡುತ್ತ ಕೂತಳು. ಮಡಿಲಲ್ಲಿ ಮಗು ಸದ್ದಿಲ್ಲದೆ ಅಳುತ್ತಲೇ ಇತ್ತು.

“ಕೂಸಿನ ಬಾಯಿಗೆ ನನ್ ಕೈಯಾರೆ ಹಾಕಲ್ಲ ಮಗಳೇ, ಆಣೆ ಮಾಡಿಬಿಟ್ಟಿದ್ದೀನಿ” ಎಂದಳು ಕೊನೆಗೆ. “ನೀನು ತಗೋ.”

ಹೀಗೆ ಹೇಳಿದರೆ ಆಣೆ ಉಳಿಯುತ್ತದೆ ಎಂದು ಅವಳು ನಂಬಿರಲಿಲ್ಲ. ಏನಾದರೂ ಹೇಳಬೇಕಿತ್ತು, ಹೇಳಿದಳು. ಚಹಾ ಬಿಸಿ ಮಾಡಿದಳು. ಡಬ್ಬಿ ತೆರೆದಳು. ಶೆಕೆರ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದಳು. ಕುಡಿದು ಕಣ್ಣುಮುಚ್ಚಿ ಗೋಡೆಗೆ ಒರಗಿದಳು. ತೋಳಿನ ಮುಳ್ಳು ನಿಧಾನವಾಗಿ ಇಳಿಯಿತು. ಉಳಿದಿದ್ದ ಹಾಲಿಗೆ ಮಗುವನ್ನು ಹಾಕಿಕೊಂಡಳು. ಮಗು ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು. ಸಂಜೆಯ ಹೊತ್ತಿಗೆ ಇನ್ನೊಂದು ಸಲ. ಆಮೇಲೆ ಮುಷ್ಟಿ ಬಿಚ್ಚಿಕೊಂಡಿತು. ಮಲಗಿತು.

ತುವಾಕ್ ಪೆಟ್ಟಿಗೆ ತೆರೆದು ತಳದಿಂದ ದಾಳಿಂಬೆ ಬಣ್ಣದ ವಸ್ತ್ರ ತೆಗೆದಳು. ರತ್ನಗಂಬಳಿ ಇಳಿಯಲಿ ಎಂದು ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಸೊಸೆಯ ತಲೆಗೆ ಹೊದಿಸಿ, ಹೇಳಬೇಕಾದ ಮಾತನ್ನು ಹೇಳಿದಳು. “ಮಾತಾಡು ಮಗಳೇ.”

ಶೆಕೆರ್ ವಸ್ತ್ರದ ಅಂಚನ್ನು ಕಣ್ಣಿಗೊತ್ತಿಕೊಂಡಳು. ಗಂಟು ಬಿಗಿಮಾಡಿಕೊಂಡಳು. ಆಮೇಲೆ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗಿ ಮಗ್ಗದ ಎಡಗಡೆ ಕೂತಳು.

ಆನೆಹೆಜ್ಜೆ ಪೂರ್ತಿಯಾಯಿತು. ನಿಂತುಹೋಗಿದ್ದ ಸಾಲಿನ ಗಂಟುಗಳು ಸ್ವಲ್ಪ ಸಡಿಲ, ಕೈಯಾಡಿಸಿದರೆ ಗೊತ್ತಾಗುತ್ತದೆ. ರತ್ನಗಂಬಳಿ ಇ‍ಳಿದ ದಿನ ಮೂಲೆ ಎದ್ದಿತು, ವ್ಯಾಪಾರಿ ಮುಖ ಸಿಂಡರಿಸಿಯೇ ಒಯ್ದ. ಹಿಟ್ಟು ಬಂತು. ಮಗ್ಗದ ಮರಗಳ ನಡುವೆ ಹೊಸ ಹಾಸುನೂಲು ಎಳೆದರು.

ತಂದೂರಿನ ಹತ್ತಿರ ಓಗುಲ್‌ಬೆಕ್ ಹೇಳಿದಳು, “ನೋಡಿದ್ಯಾ, ಸಾವಿನ ತಂಡಿ ಬಿಟ್ಟ ಮೇಲೆ ನಿನ್ ಹಾಡು ಮತ್ತೆ ಹತ್ತಿತು.”

“ಹತ್ತಿತು” ಎಂದಳು ತುವಾಕ್. ಆಣೆಗೆ ರೊಟ್ಟಿ ಮುಟ್ಟಲಿಲ್ಲ.

ಈಗ ಬೆಳಿಗ್ಗೆ ಅನ್ನಾಬೆರ್ದಿಯ ಚಹಾದ ಜತೆಗೇ ಸೊಸೆಯ ಚಹಾವನ್ನೂ ಅವಳೇ ಮಾಡುತ್ತಾಳೆ, ಕೈ ತಪ್ಪಿ ಹೆಚ್ಚಾಗಬಾರದೆಂದು ಕರೀದರ ಚೂರನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ಹಾಕುತ್ತಾಳೆ. ಹಾಡುವುದನ್ನು ಬಿಟ್ಟಿಲ್ಲ, ಬಾಯಿಗೆ ರೂಢಿಯಾಗಿದೆ. ಕೇಳುವ ಮಗು ಮಾತ್ರ ಎಚ್ಚರವಿರುವುದಿಲ್ಲ. ಒಂದು ಸಾಲು ಮುಗಿದು ಹೊಕ್ಕುನೂಲು ಹಾಯಿಸಿದ ಮೇಲೆ, ಬಾಚಣಿಗೆ ಎತ್ತುವ ಮೊದಲು ಇಬ್ಬರೂ ಕೈ ನಿಲ್ಲಿಸುತ್ತಾರೆ. ತುವಾಕ್ ಹಗ್ಗ ಸುತ್ತಿದ ಕಾಲನ್ನು ಅಲ್ಲಾಡಿಸದೆ, ಜೋಲಿ ತಾನಾಗಿ ತೂಗಿ ತೂಗಿ ನಿಲ್ಲುವವರೆಗೆ ಕಾಯುತ್ತಾಳೆ. ಜೋಲಿ ನಿಂತ ಮೇಲೆ ಒಳಗಿನ ಬಟ್ಟೆ ಎದ್ದು ಇಳಿಯುತ್ತದೋ ಇಲ್ಲವೋ ಎಂದು ನೋಡುತ್ತಾಳೆ. ಎದ್ದು ಇಳಿದದ್ದು ಕಂಡ ಮೇಲೆ ಸೊಸೆಗೆ ತಲೆಯಾಡಿಸುತ್ತಾಳೆ. ಇಬ್ಬರೂ ಒಟ್ಟಿಗೆ ಬಡಿಯುತ್ತಾರೆ. ಮುಂದಿನ ಸಾಲು ಹಿಡಿಯುತ್ತಾರೆ.